ಬಸ್ಸಿನ ಬಾಗಿಲಲ್ಲಿ ಜಗಳ ಯಾಕೆ ಆಗುತ್ತದೆ?

ನಮ್ಮ ಕಾಲೇಜಿನಲ್ಲಿ ಬೆಳಗ್ಗೆ ಮೊದಲ ಪೀರಿಯಡ್ ಶುರುವಾಗುವ ಮುಂಚೆ ಹೆಚ್ಚಾಗಿ ಕೇಳುವ ಮಾತು ಬಸ್ಸಿನದ್ದು. "ಇವತ್ತು ನಿಲ್ಲಿಸಲೇ ಇಲ್ಲ ಮಾರಾಯ", "ಪಾಸ್ ತೆಗೆಯುವಷ್ಟರಲ್ಲಿ ಎಲ್ಲರೆದುರು ಬೈದರು", "ಹಿಂದಿನ ಬಸ್ಸಿಗೆ ಬಾ ಅಂದರು, ಹಿಂದೆ ಬಸ್ಸೇ ಇರಲಿಲ್ಲ". ಚಾರ್ಮಾಡಿ, ಕಕ್ಕಿಂಜೆ, ಮುಂಡಾಜೆ ಕಡೆಯಿಂದ ಬರುವವರಿಗೂ, ಬೆಳ್ತಂಗಡಿ, ಗುರುವಾಯನಕೆರೆ ಕಡೆಯಿಂದ ಬರುವವರಿಗೂ ಇದು ದಿನದ ಕಥೆ. ಎಷ್ಟೋ ಸಲ ತಡವಾಗಿ ಬಂದವನಿಗೆ ತರಗತಿಯಲ್ಲೂ ಎರಡನೇ ಸಲ ಬೈಗುಳ ಬೀಳುತ್ತದೆ.

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವನು. ಎರಡು ವರ್ಷದಿಂದ ಪಾಸ್ ಮೇಲೆ ಓಡಾಡುತ್ತಿದ್ದೇನೆ. ತಂಗಿ ಅದೇ ಬಸ್ಸಿನಲ್ಲಿ ಝೀರೋ ಟಿಕೆಟ್ ಮೇಲೆ ಬರುತ್ತಾಳೆ. ನನ್ನ ಉಮ್ಮನ ತಮ್ಮ ಬೇರೆ ಜಿಲ್ಲೆಯೊಂದರಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್. ಹಾಗಾಗಿ ಮನೆಯಲ್ಲಿ ಊಟಕ್ಕೆ ಕೂತಾಗ ಎರಡೂ ಕಡೆಯ ದೂರು ಕೇಳಿ ಗೊತ್ತು. ಬಸ್ಸಿನ ಬಾಗಿಲಲ್ಲಿ ಎದುರುಬದುರಾಗುವ ಇಬ್ಬರೂ ಆ ಜಗಳಕ್ಕೆ ಮೂಲ ಕಾರಣರಲ್ಲ ಎಂಬುದು ನನಗೆ ಅಲ್ಲಿಂದ ಅರ್ಥವಾದದ್ದು. ಹಾಗಾದರೆ ಕಾರಣ ಎಲ್ಲಿದೆ? ಅದನ್ನು ಬಿಡಿಸಿ ಹೇಳಲು ಈ ಲೇಖನ.

ಎರಡು ಕಡೆಯ ದೂರು

ನಮ್ಮ ದೂರುಗಳು ಎಲ್ಲರಿಗೂ ಗೊತ್ತು. ಸ್ಟಾಪಿನಲ್ಲಿ ನಾವು ಇಪ್ಪತ್ತು ಜನ ನಿಂತಿದ್ದರೆ ಬಸ್ಸು ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ, ಅಥವಾ ನಿಲ್ಲುವುದೇ ಇಲ್ಲ. ಓಡಿ ಹತ್ತಿದರೆ ಬೈಗುಳ, ಹತ್ತದಿದ್ದರೆ ಹಾಜರಿ ಹೋಯಿತು. ಒಂದು ಪರೀಕ್ಷೆಯ ದಿನ ನನ್ನ ಎದುರಿನಿಂದಲೇ ಎರಡು ಬಸ್ಸು ನಿಲ್ಲಿಸದೆ ಹೋದವು. ಕೊನೆಗೆ ಪರಿಚಯದವರೊಬ್ಬರ ಪಿಕಪ್ಪಿನ ಹಿಂದೆ ನಿಂತು ಕಾಲೇಜು ಮುಟ್ಟಿದೆ. ಸಿಟ್ಟು ಬರುವುದು ಸಹಜ.

ಮಾವನ ದೂರುಗಳು ಬೇರೆ. ಒಳಗೆ ಜಾಗ ಇದ್ದರೂ ಹುಡುಗರು ಬಾಗಿಲಲ್ಲೇ ನಿಲ್ಲುತ್ತಾರೆ. ಬ್ಯಾಗನ್ನು ಬೆನ್ನಿನಿಂದ ಇಳಿಸುವುದಿಲ್ಲ, ಒಬ್ಬನಿಗೆ ಇಬ್ಬರ ಜಾಗ ಬೇಕಾಗುತ್ತದೆ. ಪಾಸ್ ಬ್ಯಾಗಿನ ಅಡಿಯಲ್ಲಿ, ಪುಸ್ತಕದ ಎಡೆಯಲ್ಲಿ ಇರುತ್ತದೆ. ಕೆಲವರು "ಪಾಸ್" ಎಂದು ಬಾಯಲ್ಲಿ ಹೇಳಿ ಮುಖ ಆಚೆ ತಿರುಗಿಸುತ್ತಾರೆ. ಹತ್ತು ರೂಪಾಯಿ ಟಿಕೆಟಿಗೆ ಐನೂರರ ನೋಟು ಕೊಟ್ಟು "ಚಿಲ್ಲರೆ ಇಟ್ಟುಕೊಳ್ಳುವುದು ನಿಮ್ಮ ಕೆಲಸ" ಎನ್ನುವವರೂ ಇದ್ದಾರೆ. ಈಗ ಯುಪಿಐ ಬಂದು ಚಿಲ್ಲರೆಯ ಜಗಳ ಸ್ವಲ್ಪ ಇಳಿದಿದೆ. ಆದರೆ ನೆಟ್‌ವರ್ಕ್ ಸಿಗದ ಕಡೆ ಹಳೆಯ ಜಗಳ ಹಾಗೆಯೇ ಇದೆ.

ಒಂದು ಟ್ರಿಪ್ಪಿನ ಲೆಕ್ಕ

ಕಂಡಕ್ಟರ್ ಯಾಕೆ ಇಷ್ಟು ಅವಸರ ಮಾಡುತ್ತಾರೆ ಎಂಬುದು ಅವರ ದಿನ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅರ್ಥವಾಗುತ್ತದೆ. ಡ್ಯೂಟಿಗೆ ಹೋಗುವಾಗ ಡಿಪೋದಲ್ಲಿ ಅವರಿಗೆ ಟಿಕೆಟ್ ಮೆಷಿನ್ ಮತ್ತು ಮಾರ್ಗಪತ್ರ ಕೊಡುತ್ತಾರೆ. ಯಾವ ಟ್ರಿಪ್ ಎಷ್ಟು ಗಂಟೆಗೆ ಹೊರಡಬೇಕು, ಎಷ್ಟಕ್ಕೆ ಮುಟ್ಟಬೇಕು ಎಂಬುದು ಮೊದಲೇ ತೀರ್ಮಾನ ಆಗಿರುತ್ತದೆ. ತನ್ನ ಜೇಬಿನಲ್ಲಿರುವ ಸ್ವಂತ ಹಣ ಎಷ್ಟು ಎಂದು ಮೊದಲೇ ಬರೆದು ಕೊಡಬೇಕು. ಮಧ್ಯದಲ್ಲಿ ತನಿಖೆಯವರು ಹತ್ತಿ ಚೀಲದ ಹಣ ಎಣಿಸಿದಾಗ ಲೆಕ್ಕ ಹೆಚ್ಚಿದ್ದರೂ ಪ್ರಶ್ನೆ, ಕಡಿಮೆ ಇದ್ದರೂ ಪ್ರಶ್ನೆ.

ದಾರಿಯನ್ನು 'ಸ್ಟೇಜ್'ಗಳಾಗಿ ಭಾಗ ಮಾಡಿರುತ್ತಾರೆ. ದರ ನಿಗದಿಯಾಗುವುದು ಸ್ಟೇಜ್ ಲೆಕ್ಕದಲ್ಲಿ. ಒಂದು ಸ್ಟೇಜ್ ದಾಟುವುದರೊಳಗೆ ಅಲ್ಲಿ ಹತ್ತಿದವರಿಗೆಲ್ಲ ಟಿಕೆಟ್ ಆಗಿರಬೇಕು. ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಉಜಿರೆಯಲ್ಲಿ ಒಮ್ಮೆಗೆ 40 ಜನ ಹತ್ತಿದರು ಎಂದಿಟ್ಟುಕೊಳ್ಳಿ. ಒಬ್ಬರಿಗೆ ಎಲ್ಲಿಗೆ ಎಂದು ಕೇಳಿ, ಗುರುತಿನ ಚೀಟಿ ಅಥವಾ ಹಣ ನೋಡಿ, ಟಿಕೆಟ್ ಹರಿದು ಕೊಡಲು 15 ಸೆಕೆಂಡ್ ಬೇಕೆಂದರೆ ಒಟ್ಟು 600 ಸೆಕೆಂಡ್, ಅಂದರೆ 10 ನಿಮಿಷ. ಬೆಳ್ತಂಗಡಿ ಇರುವುದು ಐದಾರು ಕಿಲೋಮೀಟರ್ ದೂರದಲ್ಲಿ. ಅಷ್ಟರೊಳಗೆ ಇಳಿಯುವವರು ಇಳಿಯುತ್ತಾರೆ, ಹೊಸಬರು ಹತ್ತುತ್ತಾರೆ. ಬಸ್ಸು ತುಂಬಿ ಕಾಲಿಡಲು ಜಾಗ ಇಲ್ಲದಿದ್ದರೆ ಕಂಡಕ್ಟರ್ ಹಿಂದಿನಿಂದ ಮುಂದೆ ಬರುವುದಕ್ಕೇ ಅರ್ಧ ದಾರಿ ಮುಗಿದಿರುತ್ತದೆ. "ಒಳಗೆ ಹೋಗಿ, ಒಳಗೆ ಹೋಗಿ" ಎಂಬ ಕೂಗಿನ ಹಿಂದೆ ಈ 10 ನಿಮಿಷದ ಲೆಕ್ಕ ಇದೆ.

ಟಿಕೆಟ್ ತಪ್ಪಿದರೆ ಏನಾಗುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 178ನೇ ಸೆಕ್ಷನ್ ಇದಕ್ಕಾಗಿಯೇ ಇದೆ. ಟಿಕೆಟ್ ಅಥವಾ ಪಾಸ್ ಇಲ್ಲದೆ ಪ್ರಯಾಣಿಸಿದವರಿಗೆ 500 ರೂಪಾಯಿವರೆಗೆ ದಂಡ ಹಾಕಬಹುದು. ಬೇಕೆಂದೋ ನಿರ್ಲಕ್ಷ್ಯದಿಂದಲೋ ಟಿಕೆಟ್ ಕೊಡದ ಕಂಡಕ್ಟರಿಗೂ ಅದೇ 500 ರೂಪಾಯಿವರೆಗಿನ ದಂಡ. ಕಾನೂನಿನ ಕಣ್ಣಲ್ಲಿ ಇಬ್ಬರದ್ದೂ ಸಮಾನ ತಪ್ಪು. ಆದರೆ ನಿಜ ಜೀವನದಲ್ಲಿ ಸಮಾನ ಅಲ್ಲ. ನಾವು ದಂಡ ಕಟ್ಟಿ ಇಳಿದು ಹೋಗುತ್ತೇವೆ. ಕಂಡಕ್ಟರಿಗೆ ಮೆಮೊ ಬರುತ್ತದೆ, ವಿಚಾರಣೆ ನಡೆಯುತ್ತದೆ, ಕೆಲವೊಮ್ಮೆ ಅಮಾನತು ಕೂಡ ಆಗುತ್ತದೆ. ಪಾಸ್ ತೋರಿಸು ಎಂದು ಗದರುವಾಗ ಅವರ ತಲೆಯಲ್ಲಿ ಮುಂದಿನ ಸ್ಟಾಪಿನಲ್ಲಿ ಹತ್ತಬಹುದಾದ ತನಿಖೆಯವರು ಇರುತ್ತಾರೆ.

ಇನ್ನು ದಾರಿಯ ವಿಷಯ. ಪುಂಜಾಲಕಟ್ಟೆಯಿಂದ ಚಾರ್ಮಾಡಿವರೆಗಿನ ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಮಳೆಗಾಲದ ಕೆಸರು, ಬೇಸಿಗೆಯ ಧೂಳು ನಾವೆಲ್ಲ ಅನುಭವಿಸಿದ್ದೇವೆ. ರಸ್ತೆ ಅಗೆದು ಹಾಕಿದ್ದಾರೆ ಎಂದು ಮಾರ್ಗಪತ್ರದ ಸಮಯ ತಾನಾಗಿ ಹಿಗ್ಗುವುದಿಲ್ಲ. ತಡವಾದ ಬಸ್ಸು ಆ ತಡವನ್ನು ಎಲ್ಲಿ ಸರಿಮಾಡುತ್ತದೆ? ಸಣ್ಣ ಸ್ಟಾಪುಗಳಲ್ಲಿ ನಿಲ್ಲಿಸದೆ. ಆ ಸಣ್ಣ ಸ್ಟಾಪುಗಳಲ್ಲಿ ನಿಂತಿರುವವರು ಹೆಚ್ಚಿನವರು ಯಾರು? ನಾವು.

ಶಕ್ತಿ ಬಂದ ಮೇಲೆ

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ರಾಜ್ಯದ ಒಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಹೋಗಬಹುದು. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಖಾಸಗಿ ಬಸ್ಸುಗಳಲ್ಲಿಯೂ ಇಲ್ಲ. 2025ರ ಜುಲೈ 14ಕ್ಕೆ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು.

ಈ ಯೋಜನೆಯಿಂದ ನಮ್ಮ ಮನೆಗೆ ಆದ ಲಾಭ ದೊಡ್ಡದು. ತಂಗಿಯನ್ನು ಪಿಯುಸಿಗೆ ಉಜಿರೆಗೆ ಕಳಿಸುವಾಗ ಬಸ್ಸಿನ ಖರ್ಚಿನ ಮಾತು ಮನೆಯಲ್ಲಿ ಬರಲಿಲ್ಲ. ಉಮ್ಮ ಬೆಳ್ತಂಗಡಿಯ ಆಸ್ಪತ್ರೆಗೆ ಹೋಗಲು ಈಗ ಯಾರನ್ನೂ ಕಾಯುವುದಿಲ್ಲ. ನಮ್ಮ ಕಾಲೇಜಿನ ಅರ್ಧ ಹುಡುಗಿಯರನ್ನು ಕೇಳಿದರೆ ಇದೇ ಮಾತು ಹೇಳಬಹುದು.

ಆದರೆ ಆ 500 ಕೋಟಿ ಪ್ರಯಾಣದಲ್ಲಿ ಪ್ರತಿಯೊಂದಕ್ಕೂ ಒಬ್ಬ ಕಂಡಕ್ಟರ್ ಗುರುತಿನ ಚೀಟಿ ನೋಡಿ, ಇಳಿಯುವ ಜಾಗ ಕೇಳಿ, ಝೀರೋ ಟಿಕೆಟ್ ಹರಿಯಬೇಕು. ಯಾಕೆಂದರೆ ಸರ್ಕಾರ ನಿಗಮಕ್ಕೆ ಹಣ ಕೊಡುವುದು ಆ ಝೀರೋ ಟಿಕೆಟಿನ ಮೌಲ್ಯದ ಲೆಕ್ಕದಲ್ಲಿ. ಟಿಕೆಟ್ ಹರಿಯದಿದ್ದರೆ ನಿಗಮಕ್ಕೆ ಆ ಹಣ ಹೋಯಿತು. "ಫ್ರೀ ಅಲ್ವಾ, ಟಿಕೆಟ್ ಯಾಕೆ?" ಎಂದು ಕೇಳುವವರಿಗೆ ಉತ್ತರ ಇದು. ಬೆಳ್ತಂಗಡಿಗೆ ಹೋಗುವವಳು ಮಂಗಳೂರು ಎಂದು ಹೇಳಿ ಟಿಕೆಟ್ ತೆಗೆದುಕೊಂಡರೂ ತೊಂದರೆ ಕಂಡಕ್ಟರಿಗೇ.

ನಮ್ಮ ಊರಿಗೆ ಇನ್ನೊಂದು ವಿಶೇಷ ಇದೆ. ಮಂಗಳೂರು–ಚಾರ್ಮಾಡಿ ಹೆದ್ದಾರಿಗೆ ಧರ್ಮಸ್ಥಳದ ರಸ್ತೆ ಸೇರುವುದು ಉಜಿರೆಯಲ್ಲಿ. ಶಕ್ತಿ ಬಂದ ಮೇಲೆ ವಾರದ ಕೊನೆಗೆ, ರಜೆಗೆ, ಕಾರ್ತಿಕದ ಲಕ್ಷದೀಪೋತ್ಸವದ ಸಮಯದಲ್ಲಿ ದೂರದ ಊರುಗಳಿಂದ ಬರುವ ಬಸ್ಸುಗಳು ಮೊದಲೇ ತುಂಬಿರುತ್ತವೆ. ಇಡೀ ರಾತ್ರಿ ಪ್ರಯಾಣ ಮಾಡಿ ಬಂದ ಯಾತ್ರಿಕರಿಗೂ ಕಾಲೇಜಿಗೆ ಹೊರಟ ನಮಗೂ ಒಂದೇ ಬಸ್ಸು. ಅವರಿಗೆ ನಾವು ನೂಕುವವರು, ನಮಗೆ ಅವರು ಜಾಗ ಹಿಡಿದವರು. ಮಧ್ಯದಲ್ಲಿ ನಿಂತು ಎರಡು ಕಡೆಯಿಂದಲೂ ಕೇಳಿಸಿಕೊಳ್ಳುವವರು ಕಂಡಕ್ಟರ್.

ಇಲ್ಲಿ ಹುಡುಗರ ಪಾಸಿನ ಬಗ್ಗೆ ಒಂದು ಮಾತು. ಝೀರೋ ಟಿಕೆಟ್ ಮೆಷಿನ್ನಿನಲ್ಲಿ ದಾಖಲಾಗುತ್ತದೆ. ಪಾಸ್ ತೋರಿಸಿದವನಿಗೆ ಸಾಮಾನ್ಯವಾಗಿ ಟಿಕೆಟ್ ಹರಿಯುವುದಿಲ್ಲ. ಹಾಗಾಗಿ ಬೆಳಗ್ಗಿನ ಬಸ್ಸಿನಲ್ಲಿ ಮೂವತ್ತು ಹುಡುಗರು ನಿಂತು ಬಂದರೂ ಆ ಟ್ರಿಪ್ಪಿನ ಟಿಕೆಟ್ ಲೆಕ್ಕ ನೋಡಿದವರಿಗೆ ನಾವು ಕಾಣುವುದಿಲ್ಲ. ನಮ್ಮ ದಾರಿಗೆ ಇನ್ನೊಂದು ಬಸ್ಸು ಬೇಕು ಎಂದು ಕೇಳುವಾಗ ಇದು ನೆನಪಿರಲಿ. ನಮ್ಮನ್ನು ಎಣಿಸಬೇಕಾದವರು ನಾವೇ.

ಒಂದೇ ಕನ್ನಡ, ಎರಡು ಕಿವಿ

ನಮ್ಮ ಕಡೆಯ ಡಿಪೋಗಳಲ್ಲಿ ಕೆಲಸ ಮಾಡುವ ಚಾಲಕರು, ನಿರ್ವಾಹಕರು ಅನೇಕರು ಉತ್ತರ ಕರ್ನಾಟಕದವರು. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಬಂದು ಮನೆಯಿಂದ ನೂರಾರು ಕಿಲೋಮೀಟರ್ ದೂರ ಇರುವವರು. ಅವರಿಗೆ ತುಳು ಬರುವುದಿಲ್ಲ, ಬ್ಯಾರಿ ಬರುವುದಿಲ್ಲ. ಊರಿನ ಕಂಡಕ್ಟರ್ ಆದರೆ "ಉಲಾಯಿ ಪೋಲೆ" ಎನ್ನುತ್ತಾರೆ, ನಾವು ನಗುತ್ತಾ ಸರಿಯುತ್ತೇವೆ. ಅದೇ ಮಾತನ್ನು ಇವರು "ಏ ತಮ್ಮಾ, ಒಳಗ ಸರಿ" ಎಂದರೆ ನಮಗೆ ಏಕವಚನ ಚುಚ್ಚುತ್ತದೆ. ಕರಾವಳಿಯ ಕನ್ನಡದಲ್ಲಿ ಪರಿಚಯ ಇಲ್ಲದವರಿಗೆ "ನೀವು" ಎನ್ನುವುದು ರೂಢಿ. ಅವರ ಊರಿನಲ್ಲಿ "ತಮ್ಮಾ" ಎಂದರೆ ಮನೆಯ ಹುಡುಗನನ್ನು ಕರೆದ ಹಾಗೆ. ಹುಡುಗಿಯರಿಗೆ "ಯವ್ವಾ" ಎಂದರೆ ತಾಯಿಯ ಸ್ಥಾನ ಕೊಟ್ಟ ಹಾಗೆ. ಇತ್ತ ನಮ್ಮವರು "ಎಂತ?" ಎಂದು ಕೇಳಿದರೆ ಅದು ಅವರ ಕಿವಿಗೆ ಒರಟಾಗಿ ಕೇಳುತ್ತದೆ. ಯಾರೂ ಬೈದಿಲ್ಲ, ಆದರೆ ಇಬ್ಬರಿಗೂ ಬೈದ ಹಾಗೆ ಆಗಿರುತ್ತದೆ. ಮೇಲಿನಿಂದ ಕೆಲವು ಹುಡುಗರು ಅವರ ಮಾತನ್ನು ಅನುಕರಣೆ ಮಾಡಿ ನಗುವುದೂ ಇದೆ. ಅದು ನಮ್ಮ ಕಡೆಯ ತಪ್ಪು, ಅದಕ್ಕೆ ಬೇರೆ ವಿವರಣೆ ಬೇಡ.

ಭಾಷೆಯ ಜಗಳ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2025ರ ಫೆಬ್ರವರಿ 21ರ ಬೆಳಗಾವಿ ಘಟನೆ ಉದಾಹರಣೆ. ಬಾಳೇಕುಂದ್ರಿಗೆ ಹೋಗುವ ಬಸ್ಸಿನಲ್ಲಿ ಟಿಕೆಟ್ ವಿಷಯಕ್ಕೆ ಮಾತು ಶುರುವಾಯಿತು. ತನಗೆ ಮರಾಠಿ ಬರುವುದಿಲ್ಲ, ಕನ್ನಡದಲ್ಲಿ ಹೇಳಿ ಎಂದದ್ದಕ್ಕೆ ಗುಂಪು ಸೇರಿ ಹೊಡೆದರು ಎಂದು ಕಂಡಕ್ಟರ್ ಹೇಳಿದರು. ಅವರ ಮೇಲೆಯೂ ಒಂದು ಪ್ರತಿದೂರು ದಾಖಲಾಯಿತು, ನಂತರ ಹುಡುಗಿಯ ಮನೆಯವರು ಅದನ್ನು ಮುಂದುವರಿಸುವುದಿಲ್ಲ ಎಂದರು. ಅಷ್ಟರಲ್ಲಿ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿಗೆ ಮಸಿ ಬಳಿದಾಗಿತ್ತು, ಎರಡು ರಾಜ್ಯಗಳ ನಡುವಿನ ಬಸ್ಸು ಸಂಚಾರ ನಿಂತಿತ್ತು, ಮಾರ್ಚ್ 22ರಂದು ಕರ್ನಾಟಕ ಬಂದ್‌ಗೆ ಕರೆ ಬಂತು. ಒಂದು ಟಿಕೆಟಿನ ಮಾತು ಎರಡು ರಾಜ್ಯಗಳ ಜಗಳವಾಯಿತು. ಬಸ್ಸು ನಿಂತಾಗ ತೊಂದರೆಗೆ ಸಿಕ್ಕಿದವರು ಆ ಜಗಳಕ್ಕೆ ಸಂಬಂಧವೇ ಇಲ್ಲದ ಪ್ರಯಾಣಿಕರು.

ಫುಟ್‌ಬೋರ್ಡಿನ ಜಗಳ

ಹುಡುಗರಿಗೂ ಕಂಡಕ್ಟರಿಗೂ ಹೆಚ್ಚು ಜಗಳ ಆಗುವುದು ಫುಟ್‌ಬೋರ್ಡಿನ ಮೇಲೆ. ಮೋಟಾರು ವಾಹನ ಕಾಯ್ದೆಯ 123ನೇ ಸೆಕ್ಷನ್ ಎರಡು ಮಾತು ಹೇಳುತ್ತದೆ. ವಾಹನ ನಡೆಸುವವರು ಅಥವಾ ಅದರ ಹೊಣೆ ಹೊತ್ತವರು ಯಾರನ್ನೂ ಫುಟ್‌ಬೋರ್ಡಿನಲ್ಲಿ ಸಾಗಿಸಬಾರದು. ಪ್ರಯಾಣಿಕನೂ ಅಲ್ಲಿ ನಿಂತು ಹೋಗಬಾರದು. ನೇತಾಡುವ ಹುಡುಗ ಬಿದ್ದರೆ ಪೊಲೀಸರು ಮೊದಲು ಪ್ರಶ್ನಿಸುವುದು ಚಾಲಕ ಮತ್ತು ನಿರ್ವಾಹಕರನ್ನು. ಒಳಗೆ ನಿಜವಾಗಿಯೂ ಜಾಗ ಇಲ್ಲದ ದಿನ ಹುಡುಗನಿಗೆ ಬೇರೆ ದಾರಿ ಇಲ್ಲ, ಅದೂ ನಿಜ. ಜಾಗ ಇದ್ದೂ ಗಾಳಿಗೆಂದು ನಿಲ್ಲುವ ದಿನ ಆ ಮಾತು ಹೇಳಲು ಬರುವುದಿಲ್ಲ.

2024ರ ಅಕ್ಟೋಬರ್ 1ರಂದು ಬೆಂಗಳೂರಿನ ವೈಟ್‌ಫೀಲ್ಡ್ ಬಳಿ ಬಾಗಿಲಿನಿಂದ ಒಳಗೆ ಹೋಗು ಎಂದ ಬಿಎಂಟಿಸಿ ಕಂಡಕ್ಟರಿಗೆ ಪ್ರಯಾಣಿಕನೊಬ್ಬ ಚಾಕುವಿನಿಂದ ಇರಿದ. ಕಂಡಕ್ಟರ್ ಬದುಕಿದರು. ಇರಿದವನು ಕೆಲವೇ ದಿನಗಳ ಹಿಂದೆ ಕೆಲಸ ಕಳೆದುಕೊಂಡಿದ್ದ ಎಂದು ವರದಿಯಾಯಿತು. ಬೇರೆಲ್ಲಿಯದೋ ಸಿಟ್ಟು ಬಸ್ಸಿನ ಬಾಗಿಲಲ್ಲಿ ಹೊರಬಂತು.

ನಮ್ಮ ವಯಸ್ಸಿನವರು ತಿಳಿಯಬೇಕಾದ ಕಾನೂನು ಇಲ್ಲಿದೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಪ್ರಕಾರ ಸಾರಿಗೆ ನಿಗಮದ ನೌಕರರು ಕರ್ತವ್ಯದಲ್ಲಿರುವಾಗ ಸಾರ್ವಜನಿಕ ಸೇವಕರು. ಅವರ ಕೆಲಸ ತಡೆಯಲು ಕೈ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲಾಗಬಹುದು. ಗಾಯ ಮಾಡಿದರೆ 121ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ. ಒಂದು ನಿಮಿಷದ ಸಿಟ್ಟಿಗೆ ಹೀಗೊಂದು ಕೇಸು ಬಿದ್ದರೆ ಮುಂದೆ ಪಾಸ್‌ಪೋರ್ಟಿಗೆ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಅದು ಎದುರು ಬಂದು ನಿಲ್ಲುತ್ತದೆ. ಗಲ್ಫಿಗೆ ಹೋಗುವ ಕನಸಿರುವ ಮನೆಗಳಲ್ಲಿ ಇದರ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಹಾಗೆಂದು ಈ ಕಾನೂನು ಕಂಡಕ್ಟರ್ ಏನು ಹೇಳಿದರೂ ಸರಿ ಎನ್ನುವುದಿಲ್ಲ. ವಿದ್ಯಾರ್ಥಿಯನ್ನು ಅವಮಾನಿಸುವ, ದಾರಿಯ ಮಧ್ಯೆ ಇಳಿಸುವ ಹಕ್ಕು ಯಾರಿಗೂ ಇಲ್ಲ. ಅದಕ್ಕೆ ದೂರು ಕೊಡುವ ದಾರಿ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಅವರಿಗೂ ಒಂದು ಜಗಳ ಇದೆ

ನಮ್ಮ ಮೇಲೆ ಬರುವ ಸಿಟ್ಟಿನ ಒಂದು ಭಾಗ ಬೇರೆ ಕಡೆಯಿಂದ ಬಂದದ್ದು. 2020ರ ಡಿಸೆಂಬರಿನಲ್ಲಿ ನಾಲ್ಕು ದಿನ ರಾಜ್ಯದ ಸಾರಿಗೆ ನೌಕರರು ಮುಷ್ಕರ ಮಾಡಿದರು. ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕು ಎಂಬುದು ಮುಖ್ಯ ಬೇಡಿಕೆ. 2021ರ ಏಪ್ರಿಲ್ 7ರಿಂದ 21ರವರೆಗೆ ಮತ್ತೆ ಮುಷ್ಕರ ನಡೆಯಿತು. ಈ ಸಲ ಕೇಳಿದ್ದು ಆರನೇ ವೇತನ ಆಯೋಗದ ಸಂಬಳ. ಅದರಲ್ಲಿ ಬಹಳ ಮಂದಿ ಅಮಾನತಾದರು, ಕೆಲಸ ಕಳೆದುಕೊಂಡರು. 2023ರ ಮಾರ್ಚ್‌ನಿಂದ ಶೇಕಡಾ 15 ಸಂಬಳ ಹೆಚ್ಚಳ ಸಿಕ್ಕಿತು. ಆದರೆ ಅದು 2020ರ ಜನವರಿಯಿಂದಲೇ ಸಿಗಬೇಕಿತ್ತು, ನಡುವಿನ 38 ತಿಂಗಳ ಬಾಕಿ ಕೊಡಿ ಎಂದು 2025ರ ಆಗಸ್ಟ್ 5ರಂದು ಮತ್ತೆ ಬಸ್ಸು ನಿಲ್ಲಿಸಿದರು. ಹೈಕೋರ್ಟ್ ಆದೇಶದ ನಂತರ ಅದೇ ದಿನ ಮುಷ್ಕರ ಹಿಂದೆ ತೆಗೆದುಕೊಂಡರು. ಅದೇ ವರ್ಷದ ಜನವರಿ 5ರಿಂದ ಬಸ್ಸಿನ ದರವೂ ಶೇಕಡಾ 15 ಏರಿತ್ತು. ಟಿಕೆಟಿಗೆ ಹೆಚ್ಚು ಕೊಟ್ಟ ಪ್ರಯಾಣಿಕನಿಗೆ ಆ ಹಣ ಕಂಡಕ್ಟರಿಗೆ ಹೋಯಿತು ಅನ್ನಿಸುತ್ತದೆ. ಕಂಡಕ್ಟರಿಗೆ ಆಗ ತನ್ನ ಬಾಕಿ ಇನ್ನೂ ಬಂದಿಲ್ಲ ಎಂಬ ಸಂಕಟ ಇತ್ತು.

ಜನರ ಕೊರತೆಯೂ ಇದೆ. 2016ರ ನಂತರ ವರ್ಷಗಟ್ಟಲೆ ಹೊಸ ನೇಮಕಾತಿ ನಿಂತಿತ್ತು. ನಿವೃತ್ತರಾದವರ ಜಾಗ ಖಾಲಿ ಉಳಿಯಿತು. ಶಕ್ತಿ ಬಂದು ಪ್ರಯಾಣಿಕರು ಹೆಚ್ಚಾದದ್ದು ಅಂಥ ಹೊತ್ತಿನಲ್ಲಿ. ಇರುವವರ ಮೇಲೆ ಕೆಲಸ ಬಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ಸತತ 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಎಂದಿತ್ತು. ಕಾಗದದ ಮೇಲಿನ ಆ ಅರ್ಧ ಗಂಟೆಯನ್ನು ತಡವಾದ ಟ್ರಿಪ್ ತಿಂದು ಹಾಕುತ್ತದೆ ಎಂದು ಮಾವ ಹೇಳುತ್ತಾರೆ. ಕೆಲವು ದಿನ ಬುತ್ತಿ ಬಿಚ್ಚುವಾಗ ಅಸರ್ ಹೊತ್ತಾಗಿರುತ್ತದೆ.

ಖಾಸಗಿ ಬಸ್ಸಿನಲ್ಲಿ ಕಥೆ ಸ್ವಲ್ಪ ಬೇರೆ. ಮೂಡುಬಿದಿರೆ, ಕಾರ್ಕಳ ಕಡೆಗೆ ಹೋಗುವ ನಮ್ಮ ಗೆಳೆಯರಿಗೆ ಅದು ಗೊತ್ತು. ಅಲ್ಲಿ ಹಿಂದಿನ ಬಸ್ಸಿಗಿಂತ ಮೊದಲು ಸ್ಟಾಪ್ ಮುಟ್ಟಿದವನಿಗೆ ಕಲೆಕ್ಷನ್. ಅವಸರ ಅಲ್ಲಿಯೂ ಇದೆ, ಅದರ ಕಾರಣ ಬೇರೆ.

ವಿಡಿಯೋ ಮಾಡುವ ಮುಂಚೆ

ಈಗ ಬಸ್ಸಿನಲ್ಲಿ ಮಾತು ಏರಿದ ಕೂಡಲೇ ಮೊಬೈಲ್ ಮೇಲೆ ಬರುತ್ತದೆ. 2023ರ ಜುಲೈಯಲ್ಲಿ ಬೆಂಗಳೂರಿನ ಬಸ್ಸಿನಲ್ಲಿ ಟೋಪಿ ಹಾಕಿದ್ದ ಕಂಡಕ್ಟರನ್ನು ಮಹಿಳೆಯೊಬ್ಬರು ಪ್ರಶ್ನಿಸುವ ವಿಡಿಯೋ ಎಲ್ಲ ಕಡೆ ಹರಡಿತು. ಕಂಡಕ್ಟರ್ ಟೋಪಿ ತೆಗೆದರು. 2025ರ ಏಪ್ರಿಲ್ 29ರಂದು ಹುಬ್ಬಳ್ಳಿ–ಹಾವೇರಿ ದಾರಿಯಲ್ಲಿ ಚಾಲಕರೊಬ್ಬರು ಬಸ್ಸು ನಿಲ್ಲಿಸಿ ಸೀಟಿನಲ್ಲೇ ನಮಾಝ್ ಮಾಡಿದ ವಿಡಿಯೋ ಬಂತು. ಸಚಿವರು ವಿಚಾರಣೆಗೆ ಆದೇಶಿಸಿದರು, ಚಾಲಕರು ಅಮಾನತಾದರು. ನಮ್ಮ ಕಾಲೇಜಿನಲ್ಲಿಯೂ ಈ ಬಗ್ಗೆ ಸಾಕಷ್ಟು ಚರ್ಚೆ ಆಯಿತು. ಬಸ್ಸಿನಲ್ಲಿ ಕಾಯುತ್ತಿದ್ದ ಪ್ರಯಾಣಿಕರ ಸಮಯ ಅವರದ್ದು, ಅದನ್ನು ತೆಗೆದುಕೊಳ್ಳುವ ಹಕ್ಕು ಚಾಲಕನಿಗೆ ಇಲ್ಲ ಎಂದವರಿದ್ದರು. ಡ್ಯೂಟಿಯ ವೇಳಾಪಟ್ಟಿಯಲ್ಲಿ ಊಟಕ್ಕೆ, ವಿಶ್ರಾಂತಿಗೆ, ಪ್ರಾರ್ಥನೆಗೆ ಜಾಗ ಇರಬೇಕು ಎಂದವರೂ ಇದ್ದರು. ನನಗೆ ಎರಡೂ ಮಾತು ಸರಿ ಕಾಣುತ್ತದೆ, ಮತ್ತು ಎರಡನ್ನೂ ಕೇಳಬೇಕಾದ ಜಾಗ ಡಿಪೋ. ಆದರೆ ವಿಡಿಯೋ ಹರಡಿದ ಮೇಲೆ ಯಾರೂ ವೇಳಾಪಟ್ಟಿಯ ಬಗ್ಗೆ ಮಾತಾಡಲಿಲ್ಲ. ಒಬ್ಬ ನೌಕರನ ನಡವಳಿಕೆ ಒಂದು ಸಮುದಾಯದ ಲೆಕ್ಕಕ್ಕೆ ಹೋಯಿತು.

ಇದು ನಮಗೆ ನೋವು ಕೊಟ್ಟಿದ್ದರೆ ನಾವೂ ಇನ್ನೊಬ್ಬರಿಗೆ ಹಾಗೆ ಮಾಡಬಾರದು. ಬಾದಾಮಿಯಿಂದ ಬಂದ ಕಂಡಕ್ಟರ್ ಒಬ್ಬರು ರೇಗಿದರೆ "ಘಟ್ಟದ ಮೇಲಿನವರೇ ಹೀಗೆ" ಎಂದು ಸ್ಟೇಟಸ್ ಹಾಕುವುದು ಅದೇ ತಪ್ಪು.

ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಬಸ್ಸಿನ ಸಂಖ್ಯೆ, ಸಮಯ, ಸ್ಟಾಪ್ ಯಾವುದನ್ನೂ ಕಂಡಕ್ಟರ್ ತೀರ್ಮಾನ ಮಾಡುವುದಿಲ್ಲ. ಅದನ್ನು ಮಾಡುವವರು ಡಿಪೋದ ಘಟಕ ವ್ಯವಸ್ಥಾಪಕರು ಮತ್ತು ವಿಭಾಗೀಯ ನಿಯಂತ್ರಣಾಧಿಕಾರಿ. ನಮಗೆ ಹತ್ತಿರದ ಡಿಪೋ ಧರ್ಮಸ್ಥಳದ್ದು, ಅದು ಪುತ್ತೂರು ವಿಭಾಗಕ್ಕೆ ಸೇರಿದೆ. ಬಿ.ಸಿ.ರೋಡ್ ಡಿಪೋ ಕೂಡ ಅದೇ ವಿಭಾಗ. ಬಸ್ಸಿನ ಮೇಲೆ ಡಿಪೋದ ಹೆಸರು ಇರುತ್ತದೆ. ದೂರು ಕೊಡುವಾಗ ಬಸ್ಸಿನ ನಂಬರ್, ದಿನ, ಸಮಯ, ಜಾಗ ನಾಲ್ಕೂ ಬೇಕು. ಪಾಸಿನವರ ಕೈಯಲ್ಲಿ ಟಿಕೆಟ್ ಇರುವುದಿಲ್ಲ, ಹಾಗಾಗಿ ನಂಬರನ್ನು ಆಗಲೇ ಬರೆದುಕೊಳ್ಳಿ. "ನಿನ್ನೆ ಒಂದು ಬಸ್ಸು ನಿಲ್ಲಿಸಲಿಲ್ಲ" ಎಂಬ ದೂರಿಗೆ ಯಾವ ಅಧಿಕಾರಿಯೂ ಉತ್ತರ ಕೊಡಲಾರರು.

ಗುಂಪಾಗಿ ಕೇಳುವುದು ಹೇಗೆ ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮೆರಿ ಪಟ್ಟಣದಲ್ಲಿ ಬಿಳಿಯರಿಗಾಗಿ ಸೀಟು ಬಿಡು ಎಂದ ಚಾಲಕನ ಮಾತು ಕೇಳದ ರೋಸಾ ಪಾರ್ಕ್ಸ್ ಬಂಧನವಾಯಿತು. ಕಪ್ಪು ಜನರು 381 ದಿನ ಬಸ್ಸು ಹತ್ತಲಿಲ್ಲ. ಅವರ ಆರಂಭದ ಬೇಡಿಕೆಗಳು ಮೂರು: ಚಾಲಕರು ಮರ್ಯಾದೆಯಿಂದ ಮಾತಾಡಬೇಕು, ಮೊದಲು ಬಂದವರಿಗೆ ಮೊದಲು ಸೀಟು ಸಿಗಬೇಕು, ಕಪ್ಪು ಜನರ ದಾರಿಗಳಲ್ಲಿ ಕಪ್ಪು ಚಾಲಕರನ್ನು ನೇಮಿಸಬೇಕು. ನಮ್ಮ ಕಷ್ಟವನ್ನು ಅವರ ಕಷ್ಟಕ್ಕೆ ಹೋಲಿಸುವಂತಿಲ್ಲ. ಆದರೆ ಕಲಿಯುವುದು ಇದೆ. ಅವರು ಒಬ್ಬ ಚಾಲಕನ ಬೆನ್ನು ಹತ್ತಲಿಲ್ಲ. ನಿಯಮ ಮಾಡಿದವರ ಎದುರು ಸ್ಪಷ್ಟವಾದ ಪಟ್ಟಿ ಇಟ್ಟರು. ಮರ್ಯಾದೆಯ ಮಾತನ್ನೂ ಬೇಡಿಕೆಯಾಗಿ ಬರೆದರು.

ನಾವೂ ಒಂದು ಪಟ್ಟಿ ಮಾಡಬಹುದು. ಎರಡು ವಾರ ಗ್ರಂಥಾಲಯದ ಎದುರಿನ ಮೇಜಿನ ಮೇಲೆ ಒಂದು ಪುಸ್ತಕ ಇಡೋಣ ಎಂದು ನಮ್ಮ ತರಗತಿಯವರು ಪ್ರಾಂಶುಪಾಲರಲ್ಲಿ ಕೇಳಿದ್ದೇವೆ. ಅದರಲ್ಲಿ ಪ್ರತಿಯೊಬ್ಬರೂ ತಮ್ಮ ಸ್ಟಾಪ್, ಬಸ್ಸಿನ ಸಮಯ, ಅಲ್ಲಿ ಎಷ್ಟು ಜನ ಕಾಯುತ್ತಾರೆ, ಎಷ್ಟು ಜನ ಹತ್ತಲಾಗದೆ ಉಳಿದರು ಎಂದು ಬರೆಯಬೇಕು. ಶುಕ್ರವಾರ ಜುಮಾದಿಂದಾಗಿ ನಮ್ಮ ಸಮಯ ಬೇರೆ ಇರುವುದರಿಂದ ಆ ದಿನದ ವಿವರ ಪ್ರತ್ಯೇಕ ಬರೆಯಿರಿ. ಬೇರೆ ಕಾಲೇಜಿನ ಗೆಳೆಯರ ಲೆಕ್ಕವೂ ಸೇರಿದರೆ ಇನ್ನೂ ಒಳ್ಳೆಯದು, ಬಸ್ಸು ಎಲ್ಲರದ್ದೂ ಅಲ್ಲವೇ? ಆ ಪಟ್ಟಿಯನ್ನು ಕಾಲೇಜಿನ ಪತ್ರದೊಂದಿಗೆ ಡಿಪೋಗೂ ಪುತ್ತೂರಿಗೂ ಕಳಿಸಬಹುದು. ಬೆಳಗ್ಗೆ ಒಂದು ಹೆಚ್ಚುವರಿ ಟ್ರಿಪ್ ಸಿಕ್ಕಿದರೆ ಕಂಡಕ್ಟರಿಗೂ ಉಸಿರಾಡಲು ಜಾಗ ಸಿಗುತ್ತದೆ. ಹಾಗಾಗಿ ಇದು ಅವರ ವಿರುದ್ಧದ ಅರ್ಜಿ ಅಲ್ಲ, ಅವರ ಪರವೂ ಹೌದು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇಷ್ಟು. ಪಾಸ್ ಮತ್ತು ಆಧಾರ್ ಕಾರ್ಡನ್ನು ಬಸ್ಸು ಹತ್ತುವ ಮುಂಚೆ ಕೈಯಲ್ಲಿ ಹಿಡಿದುಕೊಳ್ಳಿ. ಬ್ಯಾಗನ್ನು ಬೆನ್ನಿನಿಂದ ಇಳಿಸಿ ಕಾಲ ಬಳಿ ಇಡಿ. ಜಾಗ ಇದ್ದರೆ ಒಳಗೆ ಸರಿಯಿರಿ. ಇಳಿಯುವ ಸ್ಟಾಪನ್ನು ಮೊದಲೇ ಹೇಳಿ. ಘಟ್ಟದ ಮೇಲಿನ ಕಂಡಕ್ಟರಣ್ಣ "ತಮ್ಮಾ" ಎಂದರೆ "ಹೂಂ ಅಣ್ಣಾ" ಎನ್ನಿ. ಹಾಗೆ ಒಬ್ಬರು ಮಾಡಿದರೆ 15 ಸೆಕೆಂಡ್ 5 ಸೆಕೆಂಡ್ ಆಗುತ್ತದೆ. ನಲವತ್ತು ಜನ ಮಾಡಿದರೆ ಆರು ನಿಮಿಷ ನಲವತ್ತು ಸೆಕೆಂಡ್ ಉಳಿಯುತ್ತದೆ. ಮುಂದಿನ ಸಣ್ಣ ಸ್ಟಾಪಿನಲ್ಲಿ ಕಾಯುತ್ತಿರುವ ನಮ್ಮವರೇ ಯಾರಿಗೋ ಬಸ್ಸು ನಿಲ್ಲಿಸಲು ಅಷ್ಟು ಸಮಯ ಧಾರಾಳ ಸಾಕು.